ಸದಸ್ಯ ಶಿಕ್ಷಣ ಪಾಠ: ಬೆಳೆಗಾರರೂ ಆರೋಗ್ಯ ವಿಮೆಯೂ



ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವಾಗ ಹೊಡೆಯಬೇಕೆಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿಯುವ ಮೊದಲೇ ಹೊಡೆಯಬೇಕು. ಕಾಯಿ ಉದುರತೊಡಗಿದ ಮೇಲೆ ಮೈಲುತುತ್ತ ಕಲಸಲು ಕೂತವನು ಉಳಿದ ಕೊನೆಗಳನ್ನು ಕಾಪಾಡಿಕೊಂಡಾನೇ ಹೊರತು ಉದುರಿದ ಕಾಯಿಯನ್ನು ಮರಕ್ಕೆ ಏರಿಸಲಾರ. ನೂರು ವರ್ಷಗಳಿಗೂ ಹಿಂದೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಈ ಪಾಠವನ್ನು ನಮ್ಮ ಹಿರಿಯರಿಗೆ ತೋಟದಲ್ಲೇ ನಿಂತು ಮನಗಾಣಿಸಿದರು. ಇಂದು ಔಷಧಿ ಹೊಡೆಯದೆ ಮಳೆಗಾಲ ಕಳೆಯುವ ಬೆಳೆಗಾರ ವಿರಳ.

ಆರೋಗ್ಯ ವಿಮೆಯೂ ಇದೇ ಜಾತಿಯ ಔಷಧಿ. ಕಾಯಿಲೆ ಬರುವ ಮೊದಲು ಮಾಡಿಸಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಆದರೆ ತೋಟಕ್ಕೆ ತೋರುವ ಈ ಮುಂಜಾಗ್ರತೆಯನ್ನು ನಾವು ನಮ್ಮ ದೇಹಕ್ಕೆ ತೋರಿಸುತ್ತಿಲ್ಲ. ಈ ಸಂಚಿಕೆಯ ಪಾಠವನ್ನು ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

1. ನಮಗೇ ಏಕೆ ಈ ಚಿಂತೆ?

ಕಾರ್ಖಾನೆಯಲ್ಲಿ ದುಡಿಯುವವನಿಗೆ, ಸಂಬಳ ಮಿತಿಯೊಳಗಿದ್ದರೆ, ಇ.ಎಸ್.ಐ. ಇದೆ. ಸರ್ಕಾರಿ ನೌಕರನಿಗೆ ವೈದ್ಯಕೀಯ ವೆಚ್ಚದ ಮರುಪಾವತಿ ಇದೆ. ಬೆಂಗಳೂರಿನ ಕಂಪೆನಿಯಲ್ಲಿರುವ ನಮ್ಮ ಮಕ್ಕಳಿಗೆ ಕಂಪೆನಿಯೇ ವಿಮೆ ಮಾಡಿಸಿರುತ್ತದೆ. ಬೆಳೆಗಾರನಾದರೋ ತನಗೆ ತಾನೇ ಧಣಿ, ತಾನೇ ಆಳು. ಅವನಿಗಾಗಿ ಕಂತು ಕಟ್ಟುವ ಮೂರನೆಯವರು ಯಾರೂ ಇಲ್ಲ. ತೋಟದಿಂದ ತೋಟಕ್ಕೆ ಹೋಗಿ ಕೊನೆ ತೆಗೆಯುವವರು, ಔಷಧಿ ಹೊಡೆಯುವವರು, ಗುತ್ತಿಗೆಯ ಮೇಲೆ ಮರಗಸಿ ಮಾಡುವವರು, ಜೀಪು ಬಾಡಿಗೆಗೆ ಓಡಿಸುವವರು ಇವರೆಲ್ಲರ ಸ್ಥಿತಿಯೂ ಇದೇ.

ಇದರ ಮೇಲೆ ಇನ್ನೊಂದು ತೊಡಕಿದೆ. ನಮಗೆ ಹಣ ಬರುವುದು ವರ್ಷಕ್ಕೊಮ್ಮೆ. ಅಡಿಕೆ ಬಿಟ್ಟಾಗ, ಕಾಫಿ ಮಾರಿದಾಗ. ಕಾಯಿಲೆಗೆ ಮಾತ್ರ ಸುಗ್ಗಿ ಇಲ್ಲ. ಶ್ರಾವಣದಲ್ಲಿ ಎದೆನೋವು ಬಂದರೆ ಕೈಯಲ್ಲಿ ಕಾಸಿರುವುದಿಲ್ಲ, ಘಾಟಿ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ, ಇಲ್ಲವೇ ಶಿವಮೊಗ್ಗಕ್ಕೋ ಹೋಗಲೇಬೇಕಾಗಿರುತ್ತದೆ. ಆಗ ಉಳಿಯುವ ದಾರಿ ಕೈಸಾಲ, ಒಡವೆ ಅಡವು, ಕೊನೆಗೆ ಚೇಣಿ.

2. ನಮ್ಮಿಂದಾದ ಒಂದು ಲೋಪ

ಯಶಸ್ವಿನಿ ಯೋಜನೆ ಪುನರಾರಂಭವಾದ ನಂತರದ ಮಾತು. ಆ ವರ್ಷದ ನೋಂದಣಿ ಮುಗಿಯಲು ಒಂದು ವಾರವಿದ್ದಾಗ ನಮ್ಮ ಸಂಘದ ಒಬ್ಬ ಬೆಳೆಗಾರರು ಅರ್ಜಿ ತುಂಬಿಕೊಂಡು ಕಛೇರಿಗೆ ಬಂದರು. ಪುಸ್ತಕ ತೆಗೆದು ನೋಡಿದರೆ ಸದಸ್ಯತ್ವ ಅವರ ತಂದೆಯ ಹೆಸರಿನಲ್ಲಿತ್ತು. ತಂದೆ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

"ಸೆಕ್ರೆಟರಿಯವ್ರೇ, ಅಪ್ಪಯ್ಯನ ನಂಬರಿಗೇ ಅಡಿಕೆ ಹಾಕ್ತಾ ಬಂದಿದೀನಲ್ಲ, ನಾನು ಮೆಂಬರು ಅಲ್ವಾ ಹಾಗಾದ್ರೆ?" ಎಂದು ಅವರು ಕೇಳಿದರು.

ಅಲ್ಲ ಎಂದೇ ಹೇಳಬೇಕಾಯಿತು. ಷೇರು ವರ್ಗಾವಣೆಯ ಅರ್ಜಿ ಬಂದು, ಆಡಳಿತ ಮಂಡಳಿಯ ಸಭೆಯಲ್ಲಿ ಅಂಗೀಕಾರವಾಗಬೇಕು. ಸಭೆ ಇದ್ದದ್ದು ಮುಂದಿನ ತಿಂಗಳು. "ಬರುವ ವರ್ಷ ಮಾಡಿಸಿದರಾಯಿತು" ಎಂದು ಹೇಳಿ ಕಳಿಸಿದೆವು.

ಆ ಮಳೆಗಾಲದಲ್ಲೇ ಅವರ ಮನೆಯವರಿಗೆ ಏದುಸಿರು ಕಾಣಿಸಿಕೊಂಡಿತು. ಹೃದಯದ ಕವಾಟ ಬದಲಾಯಿಸಬೇಕೆಂದು ವೈದ್ಯರು ಹೇಳಿದರು. ತುರ್ತೇನೂ ಇರಲಿಲ್ಲ, ಹದಿನೈದು ದಿನ ತಡೆಯಬಹುದಿತ್ತು. ಆದರೆ ಗಾಬರಿಯಲ್ಲಿ ಅವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿಸಿಬಿಟ್ಟರು. ಆದ್ದರಿಂದ ಆರೋಗ್ಯ ಕರ್ನಾಟಕದ ಅಲ್ಪ ಸಹಾಯವೂ ಕೈತಪ್ಪಿತು. ಒಟ್ಟು ಖರ್ಚು ಮೂರೂವರೆ ಲಕ್ಷ ದಾಟಿತು. ಆಕೆ ಗುಣಮುಖರಾಗಿದ್ದಾರೆ, ಅದು ಸಂತೋಷ. ಆದರೆ ತೋಟ ಮೂರು ವರ್ಷಕ್ಕೆ ಚೇಣಿಗೆ ಹೋಯಿತು. ಬೇರೆಯವರ ಆಳುಗಳು ತಮ್ಮ ತೋಟದ ಕೊನೆ ತೆಗೆಯುವುದನ್ನು ಅವರು ಜಗಲಿಯಲ್ಲಿ ಕೂತು ನೋಡಬೇಕಾಯಿತು.

ಇದರಲ್ಲಿ ಅವರ ತಪ್ಪಿಗಿಂತ ನಮ್ಮ ತಪ್ಪೇ ಹೆಚ್ಚು. ಅವರ ತಂದೆ ತೀರಿಕೊಂಡದ್ದು ನಮಗೆ ತಿಳಿದಿತ್ತು. ವೈಕುಂಠ ಸಮಾರಾಧನೆಯ ಊಟಕ್ಕೆ ನಾವೂ ಹೋಗಿದ್ದೆವು. ಷೇರು ವರ್ಗಾವಣೆಯ ಒಂದು ಹಾಳೆ ಕಾಗದವನ್ನು ತಿಂಗಳು ಕಳೆದ ಮೇಲೆ ಅವರ ಮನೆಗೆ ಕಳಿಸಿದ್ದರೆ ಸಾಕಿತ್ತು. ಈ ಪಾಠವನ್ನು ಬರೆಯಲು ಅದೇ ಕಾರಣ.

3. ಮೊದಲನೆಯ ದಾರಿ: ಯಶಸ್ವಿನಿ

ಸಹಕಾರಿಗಳಾದ ನಮಗೆ ಇದು ಮನೆಯ ಯೋಜನೆ. ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ಕಲ್ಪನೆಯಿಂದ ಮೂಡಿ, ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದಾಗ, 2003ರ ಜೂನ್‌ನಿಂದ ಇದು ಜಾರಿಗೆ ಬಂದಿತು. ಆಗ ವಂತಿಗೆ ತಲೆಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ ಐದು ರೂಪಾಯಿ. ಸಾವಿರದಲ್ಲಿ ಕೆಲವರಿಗೆ ಮಾತ್ರ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ; ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿದರೆ ಆ ಕೆಲವರ ಖರ್ಚು ನಡೆಯುತ್ತದೆ. ಸಹಕಾರ ತತ್ತ್ವವೆಂದರೆ ಇದೇ ಅಲ್ಲವೇ?

2018ರಲ್ಲಿ ಆರೋಗ್ಯ ಕರ್ನಾಟಕ ಬಂದಾಗ ಯಶಸ್ವಿನಿ ನಿಂತುಹೋಯಿತು. ಸಹಕಾರಿಗಳ ಒತ್ತಾಯದ ಮೇರೆಗೆ 2022ರ ನವೆಂಬರ್‌ನಿಂದ ಮತ್ತೆ ನೋಂದಣಿ ಆರಂಭವಾಗಿ, 2023ರ ಜನವರಿಯಿಂದ ಚಿಕಿತ್ಸೆ ದೊರೆಯತೊಡಗಿತು. ಹಾಗೆ ಪುನರಾರಂಭವಾದಾಗ ನಿಗದಿಯಾದ ವಂತಿಗೆ ಹೀಗಿದೆ: ಗ್ರಾಮೀಣ ಸಹಕಾರ ಸಂಘದ ಸದಸ್ಯರಿಗೆ, ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚಿನ ಪ್ರತಿಯೊಬ್ಬರಿಗೆ 100 ರೂಪಾಯಿ. ನಗರ ಸಹಕಾರ ಸಂಘಗಳಿಗೆ ಇದರ ಎರಡರಷ್ಟು. ಪರಿಶಿಷ್ಟ ಜಾತಿ ಮತ್ತು ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಕುಟುಂಬಕ್ಕೆ ವರ್ಷದಲ್ಲಿ 5 ಲಕ್ಷ ರೂಪಾಯಿಯ ಮಿತಿಯೊಳಗೆ, ಯೋಜನೆಯ ಪಟ್ಟಿಯಲ್ಲಿರುವ ಚಿಕಿತ್ಸೆಗಳು ನೆಟ್‌ವರ್ಕ್ ಆಸ್ಪತ್ರೆಗಳಲ್ಲಿ ನಗದುರಹಿತವಾಗಿ ದೊರೆಯುತ್ತವೆ.

ಆರು ಜನರ ಮನೆಗೆ ಲೆಕ್ಕ ಹಾಕಿ: 500ಕ್ಕೆ 200 ಸೇರಿ 700 ರೂಪಾಯಿ. ಒಬ್ಬ ಕೊನೆಗಾರನ ಒಂದು ದಿನದ ಮಜೂರಿಗೆ ಇದನ್ನು ಹೋಲಿಸಿ ನೋಡಿದರೆ ಸಾಕು.

ನೆನಪಿಡಬೇಕಾದ ಸಂಗತಿಗಳು ನಾಲ್ಕು. ಒಂದು, ಸದಸ್ಯತ್ವ ನಿಮ್ಮ ಹೆಸರಿನಲ್ಲೇ ಇರಬೇಕು, ನೋಂದಣಿಗೆ ಮೊದಲೇ ಆಗಿರಬೇಕು. ಎರಡು, ಕಾರ್ಡಿನಲ್ಲಿ ಹೆಸರಿದ್ದವರಿಗೆ ಮಾತ್ರ ಸೌಲಭ್ಯ. ಹೊಸ ಸೊಸೆ, ಹುಟ್ಟಿದ ಮಗು ಇವರನ್ನು ನವೀಕರಣದ ಸಮಯದಲ್ಲಿ ಸೇರಿಸಬೇಕು. ಮೂರು, ನೋಂದಣಿಯ ಅವಧಿ ಮುಗಿದ ಮೇಲೆ ಎಷ್ಟು ಬೇಡಿದರೂ ಸೇರಲಾಗದು. ಅವಧಿ ಸಾಮಾನ್ಯವಾಗಿ ನಮ್ಮ ಕೊಯ್ಲಿನ ಗಡಿಬಿಡಿಯಲ್ಲೇ ಬರುವುದರಿಂದ ಮರೆವು ಸಹಜ. ನಾಲ್ಕು, ಮನೆಯಲ್ಲಿ ಸರ್ಕಾರಿ ನೌಕರರು, ಹೆಚ್ಚಿನ ಸಂಬಳದವರು, ಬೇರೆ ವಿಮೆ ಉಳ್ಳವರು ಇದ್ದರೆ ಅವರ ಬಗ್ಗೆ ಆ ವರ್ಷದ ಮಾರ್ಗಸೂಚಿಯಲ್ಲಿ ಏನಿದೆ ಎಂದು ಓದಿಸಿಕೊಂಡೇ ಸಹಿ ಮಾಡಬೇಕು. ಇರುವ ಪಾಲಿಸಿಯನ್ನು ಬಚ್ಚಿಡಬಾರದು.

4. ಎರಡನೆಯ ದಾರಿ: ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ

ಇದಕ್ಕೆ ವಂತಿಗೆ ಇಲ್ಲ. ರಾಜ್ಯದ ಆರೋಗ್ಯ ಕರ್ನಾಟಕವೂ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೂ 2018ರಲ್ಲಿ ಒಂದಾದವು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತ. ಎ.ಪಿ.ಎಲ್. ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇಕಡಾ 30ರಷ್ಟು ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಉಳಿದ 70 ಭಾಗ ನಮ್ಮದು.

ನಮ್ಮ ಸದಸ್ಯರಲ್ಲಿ ಬಹುಮಂದಿ ಎ.ಪಿ.ಎಲ್. ಕಾರ್ಡಿನವರು. "ಸರ್ಕಾರದ ಕಾರ್ಡು ಇದೆ, 5 ಲಕ್ಷ ಬರುತ್ತದೆ" ಎಂಬ ಭ್ರಮೆಯಲ್ಲಿ ಇರುವವರು ತಮ್ಮ ಪಡಿತರ ಚೀಟಿಯನ್ನು ಇಂದೇ ತೆಗೆದು ನೋಡಬೇಕು. ಪ್ಯಾಕೇಜ್ ದರ 1 ಲಕ್ಷವಿದ್ದರೆ ಎ.ಪಿ.ಎಲ್. ಕುಟುಂಬಕ್ಕೆ ಸಿಗುವುದು 30,000 ಮಾತ್ರ.

ಇನ್ನು ರೆಫರಲ್ ಪತ್ರ. ಅಪಘಾತ, ಹೃದಯಾಘಾತದಂಥ ತುರ್ತು ಸಂದರ್ಭದಲ್ಲಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರೇ ಪತ್ರ ಕೊಟ್ಟು ಕಳಿಸುತ್ತಾರೆ. ದಾಖಲಾದ ಮೇಲೆ ಪತ್ರಕ್ಕಾಗಿ ಓಡಾಡಿದರೆ ಫಲವಿಲ್ಲ. ಆಸ್ಪತ್ರೆಗೆ ಹೋದ ಕೂಡಲೇ 'ಆರೋಗ್ಯ ಮಿತ್ರ' ಎಂಬ ಸಿಬ್ಬಂದಿಯನ್ನು ಕಾಣಬೇಕು. ಬಿಲ್ಲು ಕೈಗೆ ಬಂದ ಮೇಲೆ ಕಂಡರೆ ತಡವಾಯಿತೆಂದೇ ತಿಳಿಯಿರಿ.

5. ಮೂರನೆಯ ದಾರಿ: ಸ್ವಂತ ಪಾಲಿಸಿ

ಸರ್ಕಾರಿ ಸಾಮಾನ್ಯ ವಿಮಾ ಕಂಪೆನಿಗಳು 1986ರಲ್ಲಿ 'ಮೆಡಿಕ್ಲೇಮ್' ಹೆಸರಿನಲ್ಲಿ ಆರಂಭಿಸಿದ ವ್ಯವಹಾರವಿದು. ಇಂದು ಖಾಸಗಿ ಕಂಪೆನಿಗಳೂ ಹಲವು. ಪ್ರೀಮಿಯಂ ಸಾವಿರಗಳಲ್ಲಿ ಇರುತ್ತದೆ, ವಯಸ್ಸಾದಂತೆ ಏರುತ್ತದೆ. ಆದರೆ ಕಾರ್ಡಿನ ಬಣ್ಣ ಕೇಳುವುದಿಲ್ಲ, ರೆಫರಲ್ ಪತ್ರ ಬೇಡ, ಬೆಂಗಳೂರಿನಲ್ಲೂ ಮಂಗಳೂರಿನಲ್ಲೂ ನಡೆಯುತ್ತದೆ. ಇದನ್ನು ಕೊಳ್ಳುವಾಗ ನೋಡಬೇಕಾದ್ದು ಏಜೆಂಟರ ನಗುಮುಖವನ್ನಲ್ಲ, ಕೆಳಗಿನ ಸಂಗತಿಗಳನ್ನು.

(ಅ) ಕಾಯುವ ಅವಧಿ. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತದ ಹೊರತು ಬೇರೆ ಕಾಯಿಲೆಗೆ ಹಣ ಸಿಗದು. ಹರ್ನಿಯಾ, ಕಣ್ಣಿನ ಪೊರೆ, ಮೂತ್ರಕೋಶದ ಕಲ್ಲು, ಮಂಡಿ ಬದಲಾವಣೆ ಇವಕ್ಕೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ ಮೂರು ವರ್ಷ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ನಾಲ್ಕನ್ನು ಮೂರಕ್ಕೆ ಇಳಿಸಿತು. ಐವತ್ತೆರಡನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದ ಮೇಲೆ ಪಾಲಿಸಿ ಹುಡುಕುವವನು ಕಾಯಿ ಉದುರಿದ ಮೇಲೆ ಔಷಧಿ ಹೊಡೆದಂತೆ. ನಲವತ್ತರ ಒಳಗೆ ಕೊಂಡವನಿಗೆ ಈ ಅವಧಿಗಳು ಆರೋಗ್ಯವಾಗಿರುವಾಗಲೇ ಕಳೆದುಹೋಗಿರುತ್ತವೆ.

(ಆ) ಸತ್ಯ ಹೇಳುವುದು. ಪ್ರಸ್ತಾವನಾ ಪತ್ರದಲ್ಲಿ ರಕ್ತದೊತ್ತಡ, ಸಕ್ಕರೆ, ಹಿಂದಿನ ಆಪರೇಷನ್ ಎಲ್ಲವನ್ನೂ ಬರೆಯಬೇಕು. "ಅದೆಲ್ಲ ಬರೆಯೋದು ಬೇಡ, ಪ್ರೀಮಿಯಂ ಜಾಸ್ತಿ ಆಗುತ್ತೆ" ಎಂದು ಹೇಳುವ ಏಜೆಂಟರು ಉಂಟು. ಕ್ಲೇಮಿನ ದಿನ ಹಳೆಯ ಔಷಧಿ ಚೀಟಿ ಹೊರಬಂದರೆ ಅವರು ಜವಾಬು ಹೇಳಲು ಬರುವುದಿಲ್ಲ. 2024ರ ನಿಯಮದಂತೆ ಐದು ವರ್ಷ ಬಿಡದೆ ನವೀಕರಿಸಿದ ಪಾಲಿಸಿಯಲ್ಲಿ, ವಂಚನೆ ಸಾಬೀತಾದ ಹೊರತು, ವಿಷಯ ತಿಳಿಸಲಿಲ್ಲವೆಂದು ಕ್ಲೇಮು ನಿರಾಕರಿಸುವಂತಿಲ್ಲ. ಹಾಗೆಂದು ಸುಳ್ಳು ಬರೆಯಲು ಇದು ಪರವಾನಗಿಯಲ್ಲ.

(ಇ) ಕೋಣೆ ಬಾಡಿಗೆಯ ಮಿತಿ. ಇದು ಬಹುಮಂದಿ ಎಡವುವ ಜಾಗ. ಪಾಲಿಸಿಯಲ್ಲಿ ದಿನಕ್ಕೆ 5,000 ಮಿತಿ ಇದೆ, ನೀವು 10,000ದ ಕೋಣೆ ಹಿಡಿದಿರಿ ಎನ್ನೋಣ. ಕಡಿತವಾಗುವುದು ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ. ಕೋಣೆಯ ದರ್ಜೆಗೆ ತಕ್ಕಂತೆ ಏರುವ ವೈದ್ಯರ ಫೀಸು, ಆಪರೇಷನ್ ಕೊಠಡಿಯ ವೆಚ್ಚ ಇವೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಯಬಹುದು. ಇಂಥ ವೆಚ್ಚ 2 ಲಕ್ಷವಾಗಿದ್ದರೆ ಕಂಪೆನಿ ಕೊಡುವುದು 1 ಲಕ್ಷ. ಆದ್ದರಿಂದ ಕೋಣೆ ಹಿಡಿಯುವ ಮುನ್ನ ಮಿತಿ ತಿಳಿದಿರಬೇಕು.

(ಈ) ಒಂದೇ ಪಾಲಿಸಿಯೋ, ಎರಡೋ. ಇಡೀ ಕುಟುಂಬಕ್ಕೆ ಒಂದೇ ಮೊತ್ತದ 'ಫ್ಯಾಮಿಲಿ ಫ್ಲೋಟರ್' ಪಾಲಿಸಿಯಲ್ಲಿ ಪ್ರೀಮಿಯಂ ಸಾಮಾನ್ಯವಾಗಿ ಅತಿ ಹಿರಿಯರ ವಯಸ್ಸನ್ನು ಅನುಸರಿಸುತ್ತದೆ. ಎಪ್ಪತ್ತರ ತಂದೆಯವರನ್ನು ಅದರಲ್ಲಿ ಸೇರಿಸಿದರೆ ಎಲ್ಲರ ಹೊರೆಯೂ ಏರುತ್ತದೆ. ಹಿರಿಯರಿಗೆ ಬೇರೆಯಾಗಿ ಮಾಡಿಸುವುದು ಲೇಸು.

(ಉ) ನವೀಕರಣ. ಕೊನೆಯ ದಿನ ತಪ್ಪಿದರೆ ವಾರ್ಷಿಕ ಕಂತಿಗೆ 30 ದಿನಗಳ ರಿಯಾಯಿತಿ ಇದೆ. ಆದರೆ ಹಣ ಕಟ್ಟದ ಆ ದಿನಗಳಲ್ಲಿ ಬಂದ ಕಾಯಿಲೆಗೆ ರಕ್ಷಣೆ ಇಲ್ಲ. ಅದೂ ದಾಟಿದರೆ ಕಾದ ವರ್ಷಗಳೆಲ್ಲ ವ್ಯರ್ಥ. ಹೊಸದಾಗಿ ಕೊಳ್ಳುವವರು ಪಾಲಿಸಿಯನ್ನು ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಆರಂಭಿಸಿದರೆ, ಪ್ರತಿ ವರ್ಷ ಕಂತು ಬರುವಾಗ ಕೈಯಲ್ಲಿ ಮಾಲಿನ ಹಣವಿರುತ್ತದೆ. ಕಂಪೆನಿ ಹಿಡಿಸದಿದ್ದರೆ ಪಾಲಿಸಿ ಬಿಡಬೇಕಿಲ್ಲ. ನವೀಕರಣಕ್ಕೆ ಒಂದೂವರೆ ತಿಂಗಳು ಮುಂಚಿತವಾಗಿ ಅರ್ಜಿ ಹಾಕಿ, ಕಾದ ಅವಧಿಯ ಲಾಭದೊಂದಿಗೆ ಬೇರೆ ಕಂಪೆನಿಗೆ ವರ್ಗಾಯಿಸಬಹುದು.

ಯಾವುದನ್ನು ಆರಿಸಬೇಕೆಂದು ಗೊಂದಲವಾದವರಿಗೆ 'ಆರೋಗ್ಯ ಸಂಜೀವಿನಿ' ಎಂಬ ಮಾದರಿ ಪಾಲಿಸಿ ಇದೆ. ಪ್ರಾಧಿಕಾರದ ಆದೇಶದಂತೆ 2020ರ ಏಪ್ರಿಲ್‌ನಲ್ಲಿ ಬಂದ ಇದರ ಷರತ್ತುಗಳು ಎಲ್ಲ ಕಂಪೆನಿಗಳಲ್ಲೂ ಒಂದೇ. ಪ್ರೀಮಿಯಂ ಮಾತ್ರ ಬೇರೆ. ಪ್ರತಿ ಕ್ಲೇಮಿನಲ್ಲಿ ಶೇಕಡಾ 5 ನಾವು ಭರಿಸಬೇಕು. ಕೋಣೆಗೆ ವಿಮಾ ಮೊತ್ತದ ಶೇಕಡಾ 2, ಹೆಚ್ಚೆಂದರೆ ದಿನಕ್ಕೆ 5,000. ಷರತ್ತು ಒಂದೇ ಆದ್ದರಿಂದ ಬೆಲೆಯನ್ನು ಹೋಲಿಸುವುದು ಸುಲಭ.

ಪ್ರೀಮಿಯಂ ಮೇಲಿದ್ದ ಶೇಕಡಾ 18ರ ಜಿ.ಎಸ್.ಟಿ.ಯನ್ನು ವೈಯಕ್ತಿಕ ಹಾಗೂ ಕುಟುಂಬ ಪಾಲಿಸಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ. ತೆರಿಗೆ ಉಳಿತಾಯದ ಮಾತು ಮಾತ್ರ ಬೇರೆ: ಅದು ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗಷ್ಟೇ. ಕೃಷಿ ಆದಾಯವೊಂದೇ ಇರುವವರು ಆ ಮಾತಿಗೆ ಮರುಳಾಗಿ ಪಾಲಿಸಿ ಕೊಳ್ಳಬೇಕಿಲ್ಲ, ರಕ್ಷಣೆಗಾಗಿ ಕೊಳ್ಳಬೇಕು.

ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾದರೆ ಮೊದಲು ಕಂಪೆನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಪರಿಹಾರ ದೊರೆಯದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಛೇರಿಗೆ ದೂರಬಹುದು. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಒಂದು ವರ್ಷದೊಳಗೆ ಹೋಗಬೇಕು.

6. ಮರ ಹತ್ತುವವರ ವಿಷಯ

ನಮ್ಮ ತೋಟಗಳು ನಿಂತಿರುವುದು ಮರ ಹತ್ತುವ ಕೆಲವೇ ಮಂದಿಯ ಮೇಲೆ. ಒಬ್ಬ ಕೊನೆಗಾರ ಬೆಳಿಗ್ಗೆ ಒಬ್ಬರ ತೋಟದಲ್ಲಿ, ಮಧ್ಯಾಹ್ನ ಇನ್ನೊಬ್ಬರ ತೋಟದಲ್ಲಿ. ಅವನು ಬಿದ್ದರೆ ಯಾರ ಆಳು? ಎಲ್ಲರೂ ಐನೂರು ಸಾವಿರ ಕೊಟ್ಟು ಕೈತೊಳೆದುಕೊಳ್ಳುವುದನ್ನು ಕಂಡಿದ್ದೇವೆ. ಹೀಗಾಗಬಾರದು.

ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆಯುಳ್ಳ ಯಾರೂ ಸೇರಬಹುದು. ಅಪಘಾತದಿಂದ ಮರಣ ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಶಾಶ್ವತವಾಗಿ ಹೋದರೆ 1 ಲಕ್ಷ. ವಿಮಾ ವರ್ಷ ಜೂನ್ 1ರಿಂದ ಮೇ 31. ಮರದಿಂದ ಬೀಳುವುದು, ಹಾವು ಕಡಿತ ಇಂಥ ಪ್ರಸಂಗಗಳಲ್ಲಿ ಕೂಡಲೇ ಆಸ್ಪತ್ರೆಗೆ ಹೋಗಿ ಕಾರಣವನ್ನು ದಾಖಲಿಸಿರಬೇಕು. "ಜಾರಿ ಬಿದ್ದ" ಎಂದಷ್ಟೇ ಬರೆಸಬಾರದು. "ಅಡಿಕೆ ಮರದಿಂದ ಬಿದ್ದ" ಎಂದು ಬರೆಸಬೇಕು.

ಇದು ಆಸ್ಪತ್ರೆಯ ಬಿಲ್ಲನ್ನು ಭರಿಸುವುದಿಲ್ಲ. ಅದಕ್ಕೆ ಅವರ ಬಿ.ಪಿ.ಎಲ್. ಕಾರ್ಡಿನ ಆಯುಷ್ಮಾನ್ ಸೌಲಭ್ಯ ಬೇಕು. ಹಾಲು ಉತ್ಪಾದಕರ ಸಂಘದ ಸದಸ್ಯರಾಗಿದ್ದರೆ ಅಲ್ಲಿಂದಲೂ ಯಶಸ್ವಿನಿಗೆ ಸೇರಬಹುದು. ಮೊದಲ ಮಳೆಯ ಔಷಧಿಗೆ ಕೊನೆಗಾರನನ್ನು ಕರೆದಾಗ ಅವನ ಖಾತೆಯಿಂದ 20 ರೂಪಾಯಿ ಕಡಿತವಾಗಿದೆಯೇ ಎಂದು ಪ್ರತಿಯೊಬ್ಬ ಸದಸ್ಯರೂ ಕೇಳಬೇಕೆಂದು ನಮ್ಮ ಕೋರಿಕೆ. ಆಗಿಲ್ಲದಿದ್ದರೆ ಆ ಇಪ್ಪತ್ತನ್ನು ನಾವೇ ಕೊಟ್ಟು ಬ್ಯಾಂಕಿಗೆ ಕಳಿಸಿದರೆ ಯಾರೂ ಬಡವರಾಗುವುದಿಲ್ಲ.

7. ಸಂಘದ ಕಡೆಯಿಂದ

ಮೇಲೆ ಹೇಳಿದ ಘಟನೆಯ ನಂತರ ಆಡಳಿತ ಮಂಡಳಿ ಮೂರು ವ್ಯವಸ್ಥೆಗಳನ್ನು ಮಾಡಿದೆ. ಸದಸ್ಯರು ನಿಧನರಾದರೆ ಒಂದು ತಿಂಗಳೊಳಗೆ ನಮ್ಮ ಸಿಬ್ಬಂದಿಯೇ ವರ್ಗಾವಣೆ ಅರ್ಜಿಯೊಂದಿಗೆ ಮನೆಗೆ ಬರುತ್ತಾರೆ. ಯಶಸ್ವಿನಿ ನೋಂದಣಿ ಆರಂಭವಾದ ದಿನದಿಂದ ಮಾಲು ತೂಗುವ ಕಟ್ಟೆಯಲ್ಲೇ ಅರ್ಜಿ ದೊರೆಯುತ್ತದೆ. ಒಪ್ಪಿಗೆ ಪತ್ರ ಕೊಟ್ಟವರ ವಂತಿಗೆಯನ್ನು ಅಡಿಕೆ ಬಿಲ್ಲಿನಿಂದಲೇ ಮುರಿದುಕೊಳ್ಳಲಾಗುವುದು.

ಅಧ್ಯಯನ ಕೂಟಗಳಲ್ಲಿ ಚರ್ಚಿಸಲು ಪ್ರಶ್ನೆಗಳು:

1. ನಿಮ್ಮ ಮನೆಯ ಷೇರು ಯಾರ ಹೆಸರಿನಲ್ಲಿದೆ? ಅವರು ಬದುಕಿದ್ದಾರೆಯೇ? ನಾಮನಿರ್ದೇಶನ ಆಗಿದೆಯೇ?
2. ನಿಮ್ಮ ಪಡಿತರ ಚೀಟಿ ಎ.ಪಿ.ಎಲ್. ಆಗಿದ್ದರೆ 2 ಲಕ್ಷದ ಪ್ಯಾಕೇಜಿಗೆ ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ?
3. ನಿಮ್ಮ ಪಾಲಿಸಿಯಲ್ಲಿ ಕೋಣೆ ಬಾಡಿಗೆಯ ಮಿತಿ ಎಷ್ಟು? ನವೀಕರಣದ ದಿನಾಂಕ ಯಾವುದು? ಇದು ಮನೆಯಾಕೆಗೆ ತಿಳಿದಿದೆಯೇ?
4. ಕಳೆದ ವರ್ಷ ನಿಮ್ಮ ತೋಟದಲ್ಲಿ ಮರ ಹತ್ತಿದವರಲ್ಲಿ ಎಷ್ಟು ಮಂದಿಗೆ ಅಪಘಾತ ವಿಮೆ ಇತ್ತು?

ಮೊದಲ ಪ್ರಶ್ನೆಗೆ ಉತ್ತರ ತಿಳಿಯದವರು ಇದೇ ವಾರ ಕಛೇರಿಗೆ ಬರಬೇಕು. ಸದಸ್ಯರ ಪುಸ್ತಕ ನಮ್ಮ ಮೇಜಿನ ಮೇಲೆಯೇ ಇದೆ. "ಬರುವ ವರ್ಷ ಮಾಡಿಸಿದರಾಯಿತು" ಎಂಬ ಮಾತನ್ನು ಇನ್ನು ನಾವೂ ಆಡುವುದಿಲ್ಲ, ನೀವೂ ಆಡಬೇಡಿ.

– ಕಾರ್ಯದರ್ಶಿ